ಮೂಲ್ಕಿ–ಸಸಿಹಿತ್ಲು ಸರ್ಫಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಫಿಂಗ್ ಕಲಿಯಬೇಕೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ರಾತ್ರಿ ಬಸ್ಸು ಹತ್ತುವ ಮುನ್ನ ಜನರು ಕೇಳುವ ಪ್ರಶ್ನೆಗಳನ್ನೂ, ಮಕ್ಕಳನ್ನು ಕಡಲಿಗೆ ಕಳುಹಿಸಲು ಹಿಂಜರಿಯುವ ಹೆತ್ತವರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಅಳಿವೆಯ ಬಳಿಗೇ ಬಂದು ನಿಲ್ಲುತ್ತವೆ. ನದಿ ಕಡಲನ್ನು ಸೇರುವ ಆ ಬಾಗಿಲು ಅರ್ಥವಾದರೆ ಮೂಲ್ಕಿಯ ಸರ್ಫಿಂಗಿನ ಮುಕ್ಕಾಲು ಪಾಲು ಅರ್ಥವಾದಂತೆ.

ಮೂಲ್ಕಿ ಎಲ್ಲಿದೆ? ಸರ್ಫಿಂಗ್ ನಡೆಯುವುದು ಪೇಟೆಯಲ್ಲಿಯೇ?

ಮೂಲ್ಕಿ ದಕ್ಷಿಣ ಕನ್ನಡ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಸಣ್ಣ ಪಟ್ಟಣ. ಮಂಗಳೂರಿನಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಚ್ಚುಕಡಿಮೆ ನಡುದಾರಿಯಲ್ಲಿದ್ದು, ಎರಡೂ ಕಡೆಯಿಂದ ಸುಮಾರು 30 ಕಿಲೋಮೀಟರ್ ದೂರವಿದೆ. ಪೇಟೆಯಲ್ಲಿ ಇಳಿದರೆ ಕಡಲು ಕಾಣುವುದಿಲ್ಲ. ಹೆಸರು ಮೂಲ್ಕಿಯದಾದರೂ ಅಲೆ ಸಿಗುವುದು ಮುಖ್ಯವಾಗಿ ಸಸಿಹಿತ್ಲುವಿನಲ್ಲಿ. ಹೆದ್ದಾರಿಯ ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿ, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಸಾಗಿದರೆ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ನಂದಿನಿ ನದಿ ಇರುವ ಕಿರಿದಾದ ನೆಲಪಟ್ಟಿ ಸಿಗುತ್ತದೆ. ಅದರ ತುದಿಯೇ ಸ್ಥಳೀಯರು ಮುಂಡ ಬೀಚ್ ಎಂದು ಕರೆಯುವ ಜಾಗ. ಅಲ್ಲಿ ನಂದಿನಿ ಮತ್ತು ಶಾಂಭವಿ ನದಿಗಳು ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅಳಿವೆಯ ಆಚೆ ದಡದಲ್ಲಿರುವುದು ಹೆಜಮಾಡಿ ಕೋಡಿ. ಅದು ಉಡುಪಿ ಜಿಲ್ಲೆಗೆ ಸೇರಿದ್ದು.

ಸರ್ಫಿಂಗ್ ಇಲ್ಲಿಗೆ ಹೇಗೆ ಬಂತು?

ಅಮೆರಿಕದ ಫ್ಲಾರಿಡಾದಲ್ಲಿ ಯೌವನದಲ್ಲಿಯೇ ಸರ್ಫಿಂಗ್ ಕಲಿತಿದ್ದ ಜ್ಯಾಕ್ ಹೆಬ್ನರ್ ಮುಂದೆ ಭಾರತಕ್ಕೆ ಬಂದು ವೈಷ್ಣವ ಸಂನ್ಯಾಸ ಸ್ವೀಕರಿಸಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅವರು 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ನದಿ ದಡದ ಕೊಳಚಿಕಂಬಳದಲ್ಲಿ ನೆಲೆಯೂರಿದ ಅವರ ಆಶ್ರಮವು ಬೆಳಗಿನ ಪೂಜೆ, ಸಸ್ಯಾಹಾರ ಮತ್ತು ಸರ್ಫಿಂಗ್ ಮೂರನ್ನೂ ಒಂದೇ ದಿನಚರಿಯಲ್ಲಿ ನಡೆಸಿಕೊಂಡು ಬಂದುದರಿಂದ ದೇಶವಿದೇಶಗಳ ಪತ್ರಿಕೆಗಳು ಇದನ್ನು ಕುತೂಹಲದಿಂದ ಬರೆದವು. ಆದರೆ ಇದನ್ನು ಕೇವಲ ಒಂದು ವಿಚಿತ್ರ ಸುದ್ದಿಯೆಂದು ನೋಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ನೂರಾರು ವರ್ಷಗಳಿಂದ ದೋಣಿಯಲ್ಲಿ ಅಲೆ ದಾಟುವುದನ್ನು ಬಲ್ಲ ಮೊಗವೀರರ ಊರಿನಲ್ಲಿ, ಅಲೆಯನ್ನು ದಾಟದೆ ಅದರ ಮೇಲೆಯೇ ನಿಂತು ದಡಕ್ಕೆ ಮರಳಬಹುದು ಎಂಬುದನ್ನು ಯಾರೋ ಮೊದಲ ಬಾರಿಗೆ ತೋರಿಸಿದರು. ನೋಡಿದ ಹುಡುಗರಿಗೆ ಅಲೆಯ ಗುಣ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಬೋರ್ಡ್ ಮಾತ್ರ.

ದೇಶದ ಸರ್ಫಿಂಗ್ ಕ್ರೀಡೆಯನ್ನು ನೋಡಿಕೊಳ್ಳುವ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಕಟ್ಟುವುದರಲ್ಲಿಯೂ ಮೂಲ್ಕಿಯವರ ಪಾಲು ದೊಡ್ಡದು.

ಕರ್ನಾಟಕಕ್ಕೆ ಇಷ್ಟುದ್ದದ ಕರಾವಳಿ ಇರುವಾಗ ಇಲ್ಲಿಯೇ ಯಾಕೆ?

ಅಲೆ ಎಲ್ಲ ಕಡೆಯೂ ಇದೆ. ಸರ್ಫಿಂಗಿಗೆ ಬೇಕಾದುದು ಒಂದೇ ಸಲಕ್ಕೆ ಉದ್ದಕ್ಕೂ ಕುಸಿದುಬೀಳದೆ, ಒಂದು ತುದಿಯಿಂದ ಮುರಿಯುತ್ತಾ ಪಕ್ಕಕ್ಕೆ ಸಾಗುವ ಅಲೆ. ಕಡಲಿನ ತಳದ ಆಕಾರವೇ ಅದನ್ನು ತೀರ್ಮಾನಿಸುತ್ತದೆ. ಅಲೆಯು ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳವಿರುವ ನೀರಿಗೆ ಬಂದಾಗ ಬುಡ ನಿಧಾನವಾಗಿ, ತಲೆ ಮುಂದಕ್ಕೆ ಬಾಗಿ ಮುರಿಯುತ್ತದೆ. ದಡದುದ್ದಕ್ಕೂ ಒಂದೇ ಇಳಿಜಾರು ಇದ್ದರೆ ಇಡೀ ಅಲೆ ಒಂದೇ ಕ್ಷಣದಲ್ಲಿ ಬಿದ್ದುಬಿಡುತ್ತದೆ. ಅಂಥ ಅಲೆ ನೋಡಲು ಚೆನ್ನ, ಸವಾರಿಗೆ ಅಲ್ಲ.

ಅಳಿವೆಯ ಬಳಿ ಹಾಗಾಗುವುದಿಲ್ಲ. ಘಟ್ಟದ ಕಡೆಯಿಂದ ನದಿಗಳು ಹೊತ್ತು ತಂದ ಮರಳನ್ನು ಕಡಲು ಪೂರ್ತಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನದಿಯೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಎಳೆದಾಟದಲ್ಲಿ ಮರಳು ನೀರಿನ ಅಡಿಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ದಿಬ್ಬದ ಮೇಲೆ ನೀರು ಆಳವಿಲ್ಲ, ಪಕ್ಕದ ಕಾಲುವೆಯಲ್ಲಿ ಆಳವಿದೆ. ಹೀಗಾಗಿ ಅಲೆ ದಿಬ್ಬದ ನೆತ್ತಿಯಲ್ಲಿ ಮೊದಲು ಮುರಿದು, ಕಾಲುವೆಯ ಕಡೆಗೆ ಮಡಚಿಕೊಳ್ಳುತ್ತಾ ಹೋಗುತ್ತದೆ. ಸರ್ಫರ್ ಹಿಂಬಾಲಿಸುವುದು ಈ ಮಡಿಕೆಯ ಅಂಚನ್ನು. ಹೆಜಮಾಡಿ ಕೋಡಿ, ಉಡುಪಿಯ ಆಚೆಗಿನ ಕೋಡಿ ಬೆಂಗ್ರೆ ಎಂಬ ಹೆಸರುಗಳಲ್ಲಿರುವ ಕೋಡಿ, ಬೆಂಗ್ರೆ ಎರಡೂ ಇಂಥ ಮರಳಿನ ನಾಲಿಗೆಗಳಿಗೆ ನಮ್ಮ ಕಡೆ ಇರುವ ಮಾತುಗಳೇ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಆ ಕೋಡಿ ಬೆಂಗ್ರೆಯಲ್ಲಿಯೂ ಸರ್ಫಿಂಗ್ ಬೆಳೆದಿರುವುದು ಕಾಕತಾಳೀಯವಲ್ಲ.

ಹಾಗಾದರೆ ಕಳೆದ ವರ್ಷ ಅಲೆ ಸಿಕ್ಕಿದ ಜಾಗದಲ್ಲಿಯೇ ಈ ವರ್ಷವೂ ಸಿಗುತ್ತದೆಯೇ?

ಖಂಡಿತವಾಗಿ ಹೇಳಲಾಗದು. ಬಂಡೆಯ ಮೇಲೆ ಮುರಿಯುವ ಅಲೆ ವರ್ಷಾನುಗಟ್ಟಲೆ ಒಂದೇ ಕಡೆ ಇರುತ್ತದೆ. ಮರಳಿನ ಮೇಲಿನದು ಪ್ರತಿ ಮಳೆಗಾಲದ ನಂತರ ಹೊಸದಾಗಿ ಹುಟ್ಟುತ್ತದೆ. ಜೂನ್‌ನಲ್ಲಿ ನೆರೆಯ ನೀರು ನುಗ್ಗಿದಾಗ ಅಳಿವೆಯ ಬಾಗಿಲೇ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದುಂಟು. ಆದ್ದರಿಂದ ಹಳೆಯ ಅನುಭವವನ್ನು ನಂಬಿ ನೇರವಾಗಿ ನೀರಿಗಿಳಿಯುವ ಬದಲು, ದಡದಲ್ಲಿ ಹದಿನೈದು ನಿಮಿಷ ಕುಳಿತು ನೋಡಿ. ಬಿಳಿ ನೊರೆ ಮೊದಲು ಏಳುವ ಜಾಗ ದಿಬ್ಬ. ಎಡಬಲಗಳಲ್ಲಿ ನೊರೆಯಿದ್ದೂ ನಡುವೆ ನೀರು ಕಪ್ಪಾಗಿ, ಶಾಂತವಾಗಿ ಕಾಣುವ ಜಾಗ ಕಾಲುವೆ. ಆ ಶಾಂತಿಯನ್ನು ಕಂಡು ಮಕ್ಕಳನ್ನು ಅಲ್ಲಿಯೇ ಇಳಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಅತ್ಯಂತ ಅಪಾಯದ ಜಾಗ. ಕಾರಣವನ್ನು ಮುಂದೆ ವಿವರಿಸಿದ್ದೇನೆ.

ಯಾವ ತಿಂಗಳಲ್ಲಿ ಬರಬೇಕು?

ಇದಕ್ಕೆ ಉತ್ತರ ನೀವು ಎಷ್ಟು ಕಲಿತವರು ಎಂಬುದನ್ನು ಅವಲಂಬಿಸಿದೆ. ಮೊದಲ ಬಾರಿಗೆ ಬರುವವರಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಅಲೆಗಳು ಮೊಣಕಾಲಿನಿಂದ ಸೊಂಟದ ಎತ್ತರದವು. ಕೆಲವು ದಿನ ಕಡಲು ಕೆರೆಯಂತೆ ಮಲಗಿರುವುದೂ ಉಂಟು. ಸರ್ಫಿಂಗ್ ಬಲ್ಲವರಿಗೆ ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್ ಹಾಗೂ ಅದು ಬರುವ ಮುನ್ನಿನ ಏಪ್ರಿಲ್–ಮೇ ತಿಂಗಳುಗಳು ಹಬ್ಬದ ಕಾಲ. ಈ ಅವಧಿಯ ಒಳ್ಳೆಯ ಅಲೆಗಳು ನಮ್ಮ ಗಾಳಿಯಿಂದ ಹುಟ್ಟಿದವಲ್ಲ. ಭೂಮಧ್ಯರೇಖೆಯ ಆಚೆ, ದಕ್ಷಿಣ ಹಿಂದೂ ಮಹಾಸಾಗರದ ತುದಿಯಲ್ಲಿ ಬೀಸಿದ ಬಿರುಗಾಳಿಯಿಂದ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ಪಯಣಿಸಿ, ದಾರಿಯಲ್ಲಿ ಸಣ್ಣಪುಟ್ಟವುಗಳನ್ನು ಕಳೆದುಕೊಂಡು, ಒಂದರ ಹಿಂದೊಂದು ಸಾಲಾಗಿ ಇಲ್ಲಿ ಬಂದು ದಡ ಮುಟ್ಟುತ್ತವೆ. ಎರಡು ಅಲೆಗಳ ನಡುವೆ ಹದಿನಾಲ್ಕು, ಹದಿನಾರು ಸೆಕೆಂಡುಗಳ ಅಂತರವಿದ್ದರೆ ಅದು ದೂರದಿಂದ ಬಂದ ಅತಿಥಿ ಎಂದು ತಿಳಿಯಿರಿ. ಐದಾರು ಸೆಕೆಂಡುಗಳಿಗೊಮ್ಮೆ ತಲೆಬುಡವಿಲ್ಲದೆ ಬರುವುದು ಇಲ್ಲಿಯದೇ ಗಾಳಿ ಎಬ್ಬಿಸಿದ್ದು.

ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ, ನೇಮ ಕೋಲಗಳು ನಿಲ್ಲುವ ದಿನ ಅದು. ಕಲಿಯುವವರು ಸಹ ಪತ್ತನಾಜೆಯನ್ನೇ ಗಡಿಯೆಂದು ಇಟ್ಟುಕೊಂಡರೆ ತಪ್ಪಿಲ್ಲ. ಅದರಾಚೆಗಿನ ಕಡಲು ಪರಿಣತರದು, ಅನಂತರ ಅವರದೂ ಅಲ್ಲ.

ದಿನದ ಯಾವ ಹೊತ್ತು?

ಬೆಳಗ್ಗೆ, ಸೂರ್ಯ ಮೂಡಿದ ಕೂಡಲೇ. ರಾತ್ರಿಯಿಡೀ ನೆಲದಿಂದ ಕಡಲಿನ ಕಡೆಗೆ ಬೀಸುವ ನೆಲಗಾಳಿ ಅಲೆಯ ಮುಖವನ್ನು ಎದುರಿನಿಂದ ತಡೆದು ನಯವಾಗಿ ನಿಲ್ಲಿಸುತ್ತದೆ. ಹೊತ್ತೇರಿದಂತೆ ನೆಲ ಕಾದು ಕಡಲಗಾಳಿ ತಿರುಗಿ ಬೀಸಲಾರಂಭಿಸಿದರೆ ಅದೇ ಅಲೆ ಕೆದರಿಹೋಗುತ್ತದೆ. ಭರತ–ಇಳಿತವನ್ನೂ ನೋಡಬೇಕು. ಇಲ್ಲಿ ನೀರು ಏರಿಳಿಯುವುದು ಒಂದರಿಂದ ಒಂದೂವರೆ ಮೀಟರಿನಷ್ಟೇ ಆದರೂ ದಿಬ್ಬದ ಮೇಲಿನ ಆಳ ಅಷ್ಟರಲ್ಲಿಯೇ ಬದಲಾಗಿಬಿಡುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ನಿನ್ನೆ ಏಳು ಗಂಟೆಗೆ ಚೆನ್ನಾಗಿದ್ದದ್ದು ಇಂದು ಎಂಟಕ್ಕೆ ಚೆನ್ನಾಗಿರಬಹುದು.

ಮಳೆಗಾಲದಲ್ಲಿ ದೊಡ್ಡ ಅಲೆ ಇರುತ್ತದಲ್ಲ, ಆಗಲೇ ಬರಬಾರದೇಕೆ?

ಜೂನ್‌ನಿಂದ ಆಗಸ್ಟ್‌ವರೆಗಿನ ಅಲೆ ದೊಡ್ಡದು ಮಾತ್ರವಲ್ಲ, ಅದಕ್ಕೆ ಕ್ರಮವೂ ಇರುವುದಿಲ್ಲ. ನೆರೆನೀರಿನಲ್ಲಿ ಮರದ ದಿಮ್ಮಿಗಳೂ ತೆಂಗಿನ ಬುಡಗಳೂ ತೇಲಿ ಬರುತ್ತವೆ, ನೀರು ಕೆಂಪಾಗಿ ತಳ ಕಾಣುವುದಿಲ್ಲ, ಅಳಿವೆಯ ಸೆಳೆತ ಇಡೀ ದಿನ ಹೊರಮುಖವಾಗಿರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮೀನಿನ ಸಂತತಿಯನ್ನು ಉಳಿಸುವುದು ಅದರ ಉದ್ದೇಶವಾದರೂ, ಅದೇ ಎರಡು ತಿಂಗಳು ಕಡಲು ಹೇಗಿರುತ್ತದೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ನಾಡದೋಣಿಯವರೂ ತೂಫಾನ್ ಇಳಿಯಲೆಂದು ಕಾಯುವ ದಿನ ನೀವು ಫೋಮ್ ಬೋರ್ಡ್ ಹಿಡಿದು ಇಳಿಯಬೇಡಿ. ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಒಪ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ನಿಧಾನವಾಗಿ ಕಡಲು ಹದಕ್ಕೆ ಬರುತ್ತದೆ.

ಈಜು ಬಾರದವರು ಕಲಿಯಬಹುದೇ?

ಈಜು ಕಲಿತು ಬನ್ನಿ ಎಂಬುದೇ ನನ್ನ ನೇರವಾದ ಉತ್ತರ. ಸೊಂಟದ ಆಳದಲ್ಲಿ, ತರಬೇತುದಾರರ ಕೈಯಳತೆಯಲ್ಲಿ ಮೊದಲ ಪಾಠ ಮುಗಿಸಿದ ಈಜು ಬಾರದವರು ಇದ್ದಾರೆ. ಆದರೆ ಬೋರ್ಡಿಗೆ ಕಟ್ಟಿದ ಹಗ್ಗ ತುಂಡಾದ ಕ್ಷಣದಲ್ಲಿ ನಿಮ್ಮ ಬಳಿ ಉಳಿಯುವುದು ಈಜು ಒಂದೇ. ಕೊಳದಲ್ಲಿ ನಿಲ್ಲದೆ 100 ಮೀಟರ್ ಈಜಿ, ಅನಂತರ ಕೆಲವು ನಿಮಿಷ ತೇಲಿಕೊಂಡಿರಲು ಸಾಧ್ಯವಾಗುವಷ್ಟು ಅಭ್ಯಾಸವಿದ್ದರೆ ಮನಸ್ಸು ಕಡಲಿನ ಮೇಲೆ ನಿಲ್ಲುತ್ತದೆ, ಭಯದ ಮೇಲಲ್ಲ.

ಮೊದಲ ದಿನ ಏನು ಕಲಿಸುತ್ತಾರೆ?

ಮೊದಲ ಅರ್ಧ ಗಂಟೆ ನೀರಿನ ಮಾತೇ ಇಲ್ಲ. ಹಸಿ ಮರಳಿನ ಮೇಲೆ ಬೆರಳಿನಿಂದ ಬೋರ್ಡಿನ ಆಕಾರ ಬರೆದು, ಅದರ ಮೇಲೆ ಬೋರಲು ಮಲಗಿಸುತ್ತಾರೆ. ಕಾಲ್ಬೆರಳು ಬೋರ್ಡಿನ ಹಿಂತುದಿಗೆ ತಾಗಬೇಕು, ಎದೆ ಸ್ವಲ್ಪ ಮೇಲೆದ್ದಿರಬೇಕು, ಅಂಗೈಗಳು ಪಕ್ಕೆಲುಬಿನ ಬಳಿ ಊರಿರಬೇಕು. ‘ಏಳಿ’ ಎಂದಾಗ ಒಂದೇ ನೆಗೆತಕ್ಕೆ ಎರಡೂ ಕಾಲುಗಳನ್ನು ಎದೆಯಡಿಗೆ ತಂದು, ಪಕ್ಕಕ್ಕೆ ತಿರುಗಿ, ಮೊಣಕಾಲು ಬಾಗಿಸಿ ನಿಲ್ಲಬೇಕು. ಎಡಗಾಲು ಮುಂದಿಡುವವರನ್ನು ರೆಗ್ಯುಲರ್ ಎಂದೂ ಬಲಗಾಲು ಮುಂದಿಡುವವರನ್ನು ಗೂಫಿ ಎಂದೂ ಕರೆಯುತ್ತಾರೆ. ಎರಡರಲ್ಲಿ ಮೇಲುಕೀಳಿಲ್ಲ. ಯಾವುದೆಂದು ತಿಳಿಯದಿದ್ದರೆ ಹಿಂದಿನಿಂದ ಯಾರಾದರೂ ಮೆಲ್ಲನೆ ತಳ್ಳಿದಾಗ ಯಾವ ಕಾಲು ಮುಂದೆ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.

ನೀರಿಗಿಳಿದ ಮೇಲೆ ಮುರಿದ ಅಲೆಯ ಬಿಳಿ ನೊರೆಯಲ್ಲಿಯೇ ಅಭ್ಯಾಸ. ಬೋರ್ಡನ್ನು ನಿಮ್ಮ ಮತ್ತು ಅಲೆಯ ನಡುವೆ ಅಡ್ಡ ಹಿಡಿಯಬಾರದು ಎಂಬುದನ್ನು ಮೊದಲ ಬಾರಿ ಎಲ್ಲರೂ ಮರೆಯುತ್ತಾರೆ; ಅದು ಎದೆಗೋ ಮುಖಕ್ಕೋ ಬಂದು ಬಡಿದ ಮೇಲೆ ಯಾರೂ ಮರೆಯುವುದಿಲ್ಲ. ನಾನೂ ಹಾಗೆಯೇ ಕಲಿತದ್ದು. ತುಟಿ ಒಡೆದು ಉಪ್ಪುನೀರು ಉರಿಯುತ್ತಿದ್ದಾಗ ನೊರೆಯೊಂದು ಹಿಂದಿನಿಂದ ಬೋರ್ಡನ್ನು ಎತ್ತಿತು. ಮೊಣಕಾಲೂರಿಕೊಂಡೇ ಮೂರ್ನಾಲ್ಕು ಮಾರು ಸಾಗಿದೆ. ಕಡಲು ತಾನಾಗಿ ನನ್ನನ್ನು ಹೊತ್ತುಕೊಂಡು ಹೋದ ಆ ನಾಲ್ಕು ಮಾರಿನ ಸುಖ ಇಂದಿಗೂ ಕಾಲಿನಡಿಯಲ್ಲಿದೆ.

ಎಷ್ಟು ದಿನಗಳಲ್ಲಿ ಬರುತ್ತದೆ?

ಬಿಳಿ ನೊರೆಯಲ್ಲಿ ಎದ್ದು ನಿಲ್ಲಲು ಹೆಚ್ಚಿನವರಿಗೆ ಎರಡು ಮೂರು ಪಾಠ ಸಾಕಾಗುತ್ತದೆ. ಮುರಿಯದ ಹಸಿರು ಅಲೆಯನ್ನು ತಾನೇ ಗುರುತಿಸಿ, ತಾನೇ ಕೈಬೀಸಿ, ಅಂದರೆ ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳಿ, ಹಿಡಿಯಲು ತಿಂಗಳುಗಳು ಬೇಕು. ವಾರಾಂತ್ಯಕ್ಕೆ ಬಂದವರು ನಿಂತ ಕೂಡಲೇ ಕಲಿತೆವೆಂದು ಆಳಕ್ಕೆ ಹೋಗುವುದು ಬೇಡ.

ಯಾವ ಬೋರ್ಡ್ ಬಳಸಬೇಕು? ಕೊಂಡುಕೊಳ್ಳಬೇಕೇ?

ಮೊದಲ ವರ್ಷ ಕೊಳ್ಳುವ ಅಗತ್ಯವಿಲ್ಲ. ತರಬೇತಿ ಕೊಡುವವರಲ್ಲಿಯೇ ಬಾಡಿಗೆಗೆ ಸಿಗುತ್ತದೆ. ಕಲಿಯುವವರಿಗೆ ಮೇಲ್ಮೈ ಮೆತ್ತಗಿರುವ, ಎಂಟು ಒಂಬತ್ತು ಅಡಿ ಉದ್ದದ ಫೋಮ್ ಬೋರ್ಡ್ ಸರಿಯಾದುದು. ಅಗಲವೂ ದಪ್ಪವೂ ಹೆಚ್ಚಿದ್ದಷ್ಟು ಅದು ಬೇಗ ಅಲೆ ಹಿಡಿಯುತ್ತದೆ, ಸ್ಥಿರವಾಗಿಯೂ ಇರುತ್ತದೆ. ಸ್ಪರ್ಧೆಗಳಲ್ಲಿ ಕಾಣುವ ಆರು ಅಡಿಯ ಚೂಪು ಬೋರ್ಡ್ ಹೊಸಬರ ಭಾರಕ್ಕೆ ಮುಳುಗುತ್ತದೆ. ಹಗ್ಗವನ್ನು ಹಿಂದಿಡುವ ಕಾಲಿನ ಹರಡಿಗೆ ಕಟ್ಟಿ. ಮೈಗೆ ಅಂಟುವ ಉದ್ದ ತೋಳಿನ ಈಜುಡುಗೆ ಇದ್ದರೆ ಬಿಸಿಲಿನಿಂದಲೂ ಎದೆ ಉಜ್ಜಿ ಗಾಯವಾಗುವುದರಿಂದಲೂ ಉಳಿಯುತ್ತೀರಿ. ಇಲ್ಲಿಯ ನೀರು ವರ್ಷವಿಡೀ ಬೆಚ್ಚಗಿರುವುದರಿಂದ ದಪ್ಪ ರಬ್ಬರಿನ ಉಡುಪು ಬೇಡ. ಚಿನ್ನವನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟು ಬನ್ನಿ.

ಸೆಳೆತಕ್ಕೆ ಸಿಕ್ಕಿದರೆ ಏನು ಮಾಡಬೇಕು?

ಈ ಉತ್ತರವನ್ನು ಎರಡು ಸಲ ಓದಿ. ನಮ್ಮಲ್ಲಿ ಮುಳುಗಿದವರ ಬಗ್ಗೆ ‘ಸುಳಿಗೆ ಸಿಕ್ಕಿದರು’ ಎಂದು ಹೇಳುವುದು ರೂಢಿ. ಕಡಲ ದಡದಲ್ಲಿ ಹೆಚ್ಚಾಗಿ ನಡೆಯುವುದು ಸುಳಿಯಲ್ಲ, ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಅದು ದಿಬ್ಬಗಳ ನಡುವಿನ ಆಳದ ಕಾಲುವೆಯನ್ನು ಹಿಡಿದು ಹೊರಗೆ ಹರಿಯುತ್ತದೆ. ಅಲ್ಲಿ ಆಳವಿರುವುದರಿಂದ ಅಲೆ ಮುರಿಯುವುದಿಲ್ಲ, ಆದ್ದರಿಂದ ನೀರು ಶಾಂತವಾಗಿ ಕಾಣುತ್ತದೆ. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಗಾಬರಿಯಿಂದ ದಡದ ಕಡೆಗೇ ನೇರವಾಗಿ ಈಜಲು ಹೋಗಿ ದಣಿದವರು ಮುಳುಗುತ್ತಾರೆ.

ಬೋರ್ಡ್ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದಕ್ಕಿಂತ ಒಳ್ಳೆಯ ತೆಪ್ಪ ಬೇರೆಯಿಲ್ಲ. ಅದರ ಮೇಲೆ ಮಲಗಿ ಉಸಿರು ಹದಕ್ಕೆ ತಂದುಕೊಂಡು, ಒಂದು ಕೈ ಎತ್ತಿ ಬೀಸಿ ದಡದವರ ಗಮನ ಸೆಳೆಯಿರಿ. ಅನಂತರ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಬದಿಗೆ ಸಾಗಿ. ನೊರೆಯಿದ್ದಲ್ಲಿ ದಿಬ್ಬವಿರುತ್ತದೆ, ಅಲೆಗಳೇ ನಿಮ್ಮನ್ನು ದಡಕ್ಕೆ ತರುತ್ತವೆ. ಬೋರ್ಡ್ ಇಲ್ಲದಿದ್ದರೂ ಇದೇ ದಾರಿ, ಆದರೆ ಮೊದಲು ತೇಲುವುದನ್ನು ನೆನಪಿಟ್ಟುಕೊಳ್ಳಿ. ಇನ್ನೊಬ್ಬರು ಸಿಕ್ಕಿಬಿದ್ದಿದ್ದರೆ ಬರಿಗೈಯಲ್ಲಿ ಹಿಂದೆ ಹಾರಬೇಡಿ. ತೇಲುವ ವಸ್ತು ಏನಾದರೂ ಒಯ್ಯಿರಿ.

ಅಳಿವೆಯ ವಿಷಯ ಇದಕ್ಕಿಂತ ಬೇರೆ. ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರೂ ಒಂದೇ ಬಾಗಿಲಿನಿಂದ ಹೊರಡುತ್ತದೆ, ಆ ಓಟದ ಎದುರು ಒಳ್ಳೆಯ ಈಜುಗಾರರೂ ನಿಲ್ಲಲಾರರು. ಸಂಜೆಯ ಫೋಟೋಕ್ಕೆಂದು ಅಳಿವೆಯ ಅಂಚಿನ ಮರಳಿನ ಮೇಲೆ ನಿಲ್ಲುವುದೂ ಬೇಡ. ನೀರು ಅಡಿಯಿಂದ ಕೊರೆದಿರುವ ಮರಳು ಹೇಳದೆ ಕೇಳದೆ ಕುಸಿಯುತ್ತದೆ.

ಹೊರಡುವ ಮುನ್ನ ಕಡಲಿನ ಸ್ಥಿತಿ ತಿಳಿಯುವುದು ಹೇಗೆ?

ಹೈದರಾಬಾದಿನಲ್ಲಿರುವ ಭಾರತೀಯ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ಇನ್‌ಕಾಯ್ಸ್, ಕರಾವಳಿಯ ಅಲೆಗಳ ಎತ್ತರ, ಅಂತರ, ದಿಕ್ಕುಗಳ ಮುನ್ಸೂಚನೆಯನ್ನು ಕೊಡುತ್ತದೆ. ಅದರ ಎತ್ತರದ ಅಲೆಯ ಎಚ್ಚರಿಕೆ ಹೊರಟಿದ್ದರೆ ಪ್ರಯಾಣವನ್ನು ಮುಂದಕ್ಕೆ ಹಾಕಿ. ಗಾಳಿಯೇ ಇಲ್ಲದ ಬಿಸಿಲಿನ ದಿನ ಹೀಗೆ ಎಚ್ಚರಿಕೆ ಬಂದರೆ ಅದನ್ನು ಹಗುರವಾಗಿ ಕಾಣಬೇಡಿ. ದೂರದ ದಕ್ಷಿಣದಿಂದ ಬರುವ ಅಲೆಗಳ ಉಬ್ಬರಕ್ಕೆ ಕೇರಳದ ಮೀನುಗಾರರು ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು ಎಂಬ ಹೆಸರಿಟ್ಟಿದ್ದಾರೆ. ಮುನ್ಸೂಚನೆ ನೋಡಿದ ಮೇಲೆಯೂ ದಡದಲ್ಲಿ ಬಲೆ ಸರಿಪಡಿಸುತ್ತಾ ಕುಳಿತಿರುವ ಹಿರಿಯರೊಬ್ಬರನ್ನು ಕೇಳಿ. ದಿಬ್ಬ ಈ ವಾರ ಎಲ್ಲಿದೆ ಎಂಬುದನ್ನು ಯಾವ ಉಪಗ್ರಹವೂ ಅವರಷ್ಟು ಚೆನ್ನಾಗಿ ಹೇಳಲಾರದು.

ಮೀನುಗಾರರಿಗೆ ತೊಂದರೆಯಾಗುವುದಿಲ್ಲವೇ?

ನಾವು ಎಚ್ಚರ ತಪ್ಪಿದರೆ ಖಂಡಿತ ಆಗುತ್ತದೆ. ಮಳೆಗಾಲ ಕಳೆದ ಮೇಲೆ ದಡದಲ್ಲಿ ಕೈರಂಪಣಿ ಎಳೆಯುವುದನ್ನು ನೀವು ನೋಡಬಹುದು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿ ಅರ್ಧಚಂದ್ರಾಕಾರದಲ್ಲಿ ಕಡಲಿಗೆ ಹೋಗಿ ಬಲೆ ಇಳಿಸುತ್ತಾ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುತ್ತದೆ. ಅನಂತರ ಎರಡೂ ಬದಿಯಲ್ಲಿ ಸಾಲಾಗಿ ನಿಂತ ಜನ ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ವಾಲಿ, ಒಂದೇ ಲಯದಲ್ಲಿ ಎಳೆಯುತ್ತಾರೆ. ಹಗ್ಗ ಬಿಗಿದಾಗ ಅದರಿಂದ ನೀರು ಹಿಂಡಿದಂತೆ ಸುರಿಯುತ್ತದೆ. ಬಲೆಯ ಹೊಟ್ಟೆ ದಡಕ್ಕೆ ಹತ್ತಿರವಾದಂತೆ ಬೂತಾಯಿ, ಬಂಗುಡೆಗಳು ಬೆಳ್ಳಗೆ ನೆಗೆಯತೊಡಗುತ್ತವೆ.

ಈ ಅರ್ಧಚಂದ್ರದ ಒಳಗೆ ಸರ್ಫ್ ಬೋರ್ಡ್ ಬಂದರೆ ಮೀನು ಚದುರುತ್ತದೆ, ಬೋರ್ಡಿನ ಅಡಿಯ ರೆಕ್ಕೆ ಬಲೆಯನ್ನು ಸೀಳುತ್ತದೆ, ಒಂದು ಬೆಳಗಿನ ದುಡಿಮೆ ಹಾಳಾಗುತ್ತದೆ. ದೋಣಿ ಹೊರಟದ್ದು ಕಂಡ ಕೂಡಲೇ ಸರ್ಫರುಗಳು ಪಕ್ಕಕ್ಕೆ ಸರಿಯಬೇಕು. ಅವರು ಹೇಳುವವರೆಗೆ ಕಾಯುವುದಲ್ಲ. ದಡದಲ್ಲಿ ಒಣಗಲು ಹರಡಿದ ಬಲೆಯನ್ನು ತುಳಿಯಬೇಡಿ, ಎಳೆದು ಇಟ್ಟ ದೋಣಿಯ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳಬೇಡಿ. ಕರೆದರೆ ಹಗ್ಗಕ್ಕೆ ಕೈ ಹಚ್ಚಿ, ಅವರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಅಲೆ ಎಲ್ಲರದೂ ಹೌದು. ಆದರೆ ಈ ದಡದ ಮೇಲೆ ಮೊದಲ ಹಕ್ಕು ಅದರಿಂದ ಅನ್ನ ತಿನ್ನುವವರದೆಂದು ನಾನು ನಂಬಿದ್ದೇನೆ.

ಒಂದೇ ಅಲೆಗೆ ಇಬ್ಬರು ಹೊರಟರೆ?

ಅಲೆ ಮೊದಲು ಮುರಿಯುವ ನೆತ್ತಿಗೆ ಯಾರು ಹತ್ತಿರವೋ ಅಲೆ ಅವರದು. ಇನ್ನೊಬ್ಬರು ಕೈಬೀಸುವುದನ್ನು ನಿಲ್ಲಿಸಿ ಹಿಂದೆ ಸರಿಯಬೇಕು. ದಡದಿಂದ ಕಡಲಿನೊಳಕ್ಕೆ ಹೋಗುವಾಗ ಸವಾರಿ ಮಾಡುತ್ತಿರುವವರ ದಾರಿಗೆ ಅಡ್ಡ ಬರದೆ ಸುತ್ತಿಕೊಂಡು ಹೋಗಬೇಕು.

ಜೆಲ್ಲಿ ಮೀನು, ಕಡಲ ಹಾವುಗಳ ಭಯವಿದೆಯೇ?

ಇವೆ, ಆದರೆ ಭಯಕ್ಕಿಂತ ಗಮನ ಮುಖ್ಯ. ಜೆಲ್ಲಿ ಮೀನು ತಾಗಿದರೆ ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಿಂದಲೇ ತೊಳೆಯಿರಿ. ಉರಿ ಹೆಚ್ಚಿದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಕಡಲ ಹಾವು ವಿಷದ್ದು, ಬಲೆಯ ಜೊತೆ ದಡಕ್ಕೆ ಬಂದು ಬಿದ್ದಿರುವುದುಂಟು. ಸತ್ತಂತೆ ಕಂಡರೂ ಮುಟ್ಟಬಾರದು. ಮರಳಿನಲ್ಲಿ ಹುದುಗಿರುವ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ತೊರಕೆ ಮೀನನ್ನು ತುಳಿಯದಿರಲು ಹೆಜ್ಜೆ ಎತ್ತಿಡುವ ಬದಲು ಪಾದವನ್ನು ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ, ಅದು ತಾನಾಗಿ ಸರಿದು ಹೋಗುತ್ತದೆ.

ಹೆಣ್ಣುಮಕ್ಕಳು ಕಲಿಯುತ್ತಾರೆಯೇ?

ಕಲಿಯುತ್ತಾರೆ, ಗೆಲ್ಲುತ್ತಾರೆ. ಮೂಲ್ಕಿಯಲ್ಲಿ ತರಬೇತಾದ ತನ್ವಿ ಜಗದೀಶ್ ಬೋರ್ಡಿನ ಮೇಲೆ ನಿಂತು ಹುಟ್ಟುಗೋಲಿನಿಂದ ಸಾಗುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ಹದಿಹರೆಯದಲ್ಲಿಯೇ ರಾಷ್ಟ್ರೀಯ ಮಟ್ಟದಲ್ಲಿ ಗೆದ್ದು, 2016ರಲ್ಲಿ ಫಿಜಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆಯೆಂದು ಹೆಸರಾದ ಇಶಿತಾ ಮಾಳವೀಯ, ಮಣಿಪಾಲದ ಓದಿನ ದಿನಗಳಲ್ಲಿ ಅಲೆಗೆ ಮನಸೋತು ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು. ಬಿಸಿಲಿಗೆ ಬಣ್ಣಗೆಟ್ಟೀತು, ಜನ ಏನೆಂದಾರು ಎಂಬ ಮಾತುಗಳನ್ನು ಮನೆಗಳಲ್ಲಿ ಇಂದಿಗೂ ಕೇಳುತ್ತೇವೆ. ಮೀನಿನ ಬುಟ್ಟಿ ಹೊತ್ತು ಊರೂರು ನಡೆದು ಮನೆ ನಡೆಸಿದ ಹೆಂಗಸರ ಕರಾವಳಿ ಇದು. ಅವರ ಮೊಮ್ಮಕ್ಕಳಿಗೆ ಬಿಸಿಲನ್ನು ತೋರಿಸಿ ಹೆದರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು?

ಈಜು ಬರುವ, ಹೇಳಿದ ಮಾತು ಕೇಳುವ ಏಳೆಂಟು ವರ್ಷದ ಮಗು ಬಿಳಿ ನೊರೆಯಲ್ಲಿ ಕಲಿಯಬಹುದು. ಜೊತೆಗೆ ಹೆತ್ತವರಲ್ಲಿ ಒಬ್ಬರು ದಡದಲ್ಲಿ ಫೋನ್ ಬದಿಗಿಟ್ಟು ಕುಳಿತಿರಲಿ.

ಇಲ್ಲಿ ಸ್ಪರ್ಧೆಗಳು ನಡೆಯುತ್ತವೆಯೇ? ಅಂಕ ಕೊಡುವುದು ಹೇಗೆ?

ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ಮೊದಲ ಆವೃತ್ತಿ 2016ರ ಮೇ ಕೊನೆಯ ವಾರದಲ್ಲಿ ಸಸಿಹಿತ್ಲುವಿನಲ್ಲಿಯೇ ನಡೆಯಿತು. ಮುಂದಿನ ಕೆಲವು ಆವೃತ್ತಿಗಳು ಮಂಗಳೂರಿನ ಬೇರೆ ಕಡಲತೀರಗಳಿಗೂ ಹೋದವು. ಮೇ ಕೊನೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಮೇಲೆ ಹೇಳಿದ್ದೇ: ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ, ಅಲೆ ತುಂಬಿರುತ್ತದೆ, ಕಡಲು ಇನ್ನೂ ಹದ ತಪ್ಪಿರುವುದಿಲ್ಲ.

ಒಂದೊಂದು ಸುತ್ತು ಇಪ್ಪತ್ತು ಮೂವತ್ತು ನಿಮಿಷಗಳದು. ಪ್ರತಿ ಅಲೆಗೂ ತೀರ್ಪುಗಾರರು ಹತ್ತರೊಳಗೆ ಅಂಕ ಕೊಡುತ್ತಾರೆ. ಸರ್ಫರ್ ಎಷ್ಟೇ ಅಲೆ ಹಿಡಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮವಾದ ಎರಡು, ಒಟ್ಟು ಇಪ್ಪತ್ತಕ್ಕೆ. ಹಾಗಾಗಿ ನೀರಿನಲ್ಲಿ ಸುಮ್ಮನೆ ಕುಳಿತಂತೆ ಕಾಣುವವರು ಕಾಯುತ್ತಿರುತ್ತಾರೆ, ಸಾಲಿನ ಮೂರನೆಯ ಅಲೆಗಾಗಿ ಮೊದಲೆರಡನ್ನು ಬಿಟ್ಟುಕೊಡುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಿಂದ ಸರ್ಫಿಂಗ್ ಒಲಿಂಪಿಕ್ ಕ್ರೀಡೆಯೂ ಆಗಿದೆ. 2025ರಲ್ಲಿ ತಮಿಳುನಾಡಿನ ಮಾಮಲ್ಲಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ರಮೇಶ್ ಬೂದಿಹಾಳ್ ಕಂಚು ಗೆದ್ದಾಗ ಸಸಿಹಿತ್ಲುವಿನಲ್ಲಿ ಬೋರ್ಡ್ ಹಿಡಿದು ಬೆಳೆಯುತ್ತಿರುವ ಮಕ್ಕಳಿಗೆ ಆ ಪದಕ ಕೈಗೆಟಕುವಷ್ಟು ಹತ್ತಿರ ಬಂದಂತಾಯಿತು.

ಕಡಲ್ಕೊರೆತದಿಂದ ಈ ಅಲೆಗಳಿಗೆ ಅಪಾಯವಿದೆಯೇ?

ಇದೆ. ಸಸಿಹಿತ್ಲು, ಹೆಜಮಾಡಿಗಳ ದಡದಲ್ಲಿ ಮಳೆಗಾಲದ ಅಲೆಗಳು ತೆಂಗು, ಗಾಳಿಮರಗಳನ್ನು ಬುಡಸಹಿತ ಉರುಳಿಸುವುದನ್ನು ಇಲ್ಲಿಯವರು ಮತ್ತೆ ಮತ್ತೆ ಕಂಡಿದ್ದಾರೆ. ಮನೆ, ದಾರಿಗಳನ್ನು ಉಳಿಸಿಕೊಳ್ಳಲು ಕಲ್ಲು ಹಾಕಬೇಕೆಂಬ ಅವರ ಬೇಡಿಕೆ ನ್ಯಾಯವಾದುದು. ಆದರೆ ಕಲ್ಲಿನ ತಡೆಗೋಡೆಗೆ ಬಡಿದ ಅಲೆ ಮುಂದಿನ ಮರಳನ್ನು ಹೊತ್ತೊಯ್ಯುತ್ತದೆ. ಒಂದು ಕಡೆ ನಿಂತ ಕೊರೆತ ಪಕ್ಕದ ಊರಿನಲ್ಲಿ ಶುರುವಾಗುವುದೂ ಉಂಟು. ನದಿಯಲ್ಲಿ ಮರಳು ತೆಗೆದಷ್ಟೂ ಅಳಿವೆಗೆ ಬರುವ ಮರಳು ಕಡಿಮೆಯಾಗುತ್ತದೆ, ದಿಬ್ಬ ಸೊರಗುತ್ತದೆ. ಅಲೆಯ ರಭಸವನ್ನು ದಡಕ್ಕೆ ಮುಟ್ಟುವ ಮೊದಲೇ ಮುರಿಯುವುದು ಇದೇ ದಿಬ್ಬವಾದ್ದರಿಂದ, ಸರ್ಫರ್ ಮತ್ತು ದಡದ ಮನೆಯವರು ಉಳಿಸಿಕೊಳ್ಳಬೇಕಾದುದು ಒಂದನ್ನೇ. ಇಬ್ಬರೂ ಒಟ್ಟಿಗೆ ಮಾತಾಡಬೇಕೆಂಬುದು ನನ್ನ ಬಹುದಿನದ ಆಸೆ.

ತಲುಪುವುದು ಹೇಗೆ?

ಮಂಗಳೂರು–ಉಡುಪಿ ನಡುವಿನ ಖಾಸಗಿ ಬಸ್ಸುಗಳು ದಿನವಿಡೀ ಓಡುತ್ತವೆ. ಹಳೆಯಂಗಡಿಯಲ್ಲಿ ಇಳಿಯಬೇಕಾದವರು ಎಕ್ಸ್‌ಪ್ರೆಸ್ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ಸರ್ವಿಸ್ ಬಸ್ಸಾದರೆ ಚಿಂತೆಯಿಲ್ಲ. ಅಲ್ಲಿಂದ ರಿಕ್ಷಾ ಸಿಗುತ್ತದೆ. ಕೊಂಕಣ ರೈಲು ಮಾರ್ಗದಲ್ಲಿ ಮೂಲ್ಕಿಗೆ ನಿಲ್ದಾಣವಿದೆ, ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ನೀರಿಗಿಳಿಯುವ ಮೊದಲು ಹೊಟ್ಟೆ ತುಂಬ ತಿನ್ನಬೇಡಿ, ಬಂದ ಮೇಲೆ ಬನ್ಸ್, ನೀರುದೋಸೆಗಳಿಗೆ ಕೊರತೆಯಿಲ್ಲ.

ಬಂದ ದಿನ ಅಲೆಯೇ ಇಲ್ಲದಿದ್ದರೆ?

ನದಿಗೆ ಹೋಗಿ. ಶಾಂಭವಿಯ ಹಿನ್ನೀರಿನಲ್ಲಿ ಕಯಾಕ್ ಅಥವಾ ಪ್ಯಾಡಲ್ ಬೋರ್ಡ್ ಹಿಡಿದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಿ ಸಾಗಬಹುದು. ಬೋರ್ಡಿನ ಮೇಲೆ ಸಮತೋಲ ಕಲಿಯಲು ಅದಕ್ಕಿಂತ ಸೌಮ್ಯವಾದ ನೀರು ಇಲ್ಲ. ಬಿಸಿಲೇರಿದ ಮೇಲೆ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋಗಿ ಬನ್ನಿ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬ ಪ್ರತೀತಿಯುಳ್ಳ ಆ ಗುಡಿಯಲ್ಲಿ ನಾಡಿಗೆಲ್ಲ ಹೆಸರಾದ ದೊಡ್ಡ ಡೋಲು ಇದೆ. ಸಂಜೆ ನಾಲ್ಕರ ನಂತರ ಸಸಿಹಿತ್ಲುವಿಗೆ ಮರಳಿ ದಡದಲ್ಲಿ ಕುಳಿತು ನೋಡಿ. ಬೆಳಗ್ಗೆ ಮಲಗಿದ್ದ ಕಡಲಿನಲ್ಲಿ, ದಿಬ್ಬದ ಮೇಲೆ ನೀರು ಇಳಿದ ಹೊತ್ತಿಗೆ, ಮೊದಲ ಬಿಳಿ ಗೆರೆ ಕಾಣಿಸಿಕೊಂಡರೂ ಕಾಣಿಸಿಕೊಳ್ಳಬಹುದು.